ಕರೆಯದ ಹೆಸರು

ಸತ್ತವನ ಹೆಸರು ಈ ಕಥೆಯಲ್ಲಿಲ್ಲ. ಹುಡುಕಬೇಡಿ. ಹೆಸರು ಹಿಡಿದು ಕರೆದರೆ ಸತ್ತವನ ಜೀವ ತಿರುಗಿ ನೋಡುತ್ತದೆ, ಊರಿನ ದಾರಿ ತಪ್ಪುತ್ತದೆ ಎಂದು ಅವನ ಜನ ನಂಬುತ್ತಾರೆ. ನಂಬಿಕೆ ಅವರದು. ಮುರಿಯುವ ಹಕ್ಕು ನಮಗಿಲ್ಲ. ಅವರ ನೆಲ ಕಿತ್ತುಕೊಂಡಾಯಿತು, ನೀರು ಕಿತ್ತುಕೊಂಡಾಯಿತು, ಹೆತ್ತ ಮಕ್ಕಳನ್ನೂ ಕಿತ್ತುಕೊಂಡಾಯಿತು. ಹೆಸರಾದರೂ ಅವರ ಹತ್ತಿರ ಇರಲಿ.

ಚೆನ್ನು ಅವನನ್ನು ಅಜ್ಜ ಎನ್ನುತ್ತಿದ್ದಳು. ನಾವೂ ಹಾಗೇ ಅನ್ನೋಣ.

ಅಜ್ಜ ಮರದ ತೊಗಟೆಯ ಮೇಲೆ ಚಿತ್ರ ಬರೆಯುವವನು. ಆಸ್ಟ್ರೇಲಿಯಾದ ಬಡಗಣ ತುದಿಯಲ್ಲಿ, ಜವುಗು ನೆಲ ಸಮುದ್ರಕ್ಕೆ ಸೇರುವ ಕಡೆ ಅವನ ಊರು. ಅವನ ಚಿತ್ರಗಳು ವಿಮಾನ ಹತ್ತಿ ದೇಶದೇಶಕ್ಕೆ ಹೋಗಿದ್ದವು. ಬರೆದವನು ಮಾತ್ರ ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ಒಂದು ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದ. ಮೆಲ್ಬರ್ನಿನಲ್ಲಿ ತನ್ನದೇ ಚಿತ್ರಗಳ ಪ್ರದರ್ಶನಕ್ಕೆ ಬಂದವನು ಅಲ್ಲೇ ಕುಸಿದು ಬಿದ್ದ. ಕಿಡ್ನಿ ಹೋಗಿತ್ತು. ಡಯಾಲಿಸಿಸ್ ಮಷಿನ್ ಅವನ ಊರಿನಲ್ಲಿಲ್ಲ. ಬದುಕಬೇಕಾದರೆ ಊರು ಬಿಡಬೇಕು, ಊರಿಗೆ ಹೋದರೆ ಸಾಯಬೇಕು. ಸಿಡ್ನಿಯಲ್ಲಿ ತಂಗಿಯ ಮಗಳು ಮಾರ್ಲೀನ್ ಇದ್ದಳು. ಅವಳೇ ಕರೆತಂದು ಇಟ್ಟುಕೊಂಡಳು. ಅವನ ಚಿತ್ರ ತೂಗುಹಾಕಲು ಈ ದೇಶದ ತುಂಬ ಗೋಡೆಗಳಿದ್ದವು. ಅವನ ಊರಲ್ಲೊಂದು ಮಷಿನ್ ಇಡಲು ಜಾಗ ಇರಲಿಲ್ಲ.

ಚೆನ್ನು ಅವನನ್ನು ನೋಡಿಕೊಳ್ಳಲು ಏಜೆನ್ಸಿ ಕಳಿಸಿದ ಕೇರರ್. ಬೆಳಿಗ್ಗೆ ಬಂದು ಅವನನ್ನು ಎಬ್ಬಿಸುವುದು, ಕಂಕುಳಲ್ಲಿ ಕೈಕೊಟ್ಟು ಬಚ್ಚಲಿಗೆ ನಡೆಸುವುದು, ಕುಂಡೆ ತೊಳೆಯುವುದು, ಬಟ್ಟೆ ಹಾಕುವುದು, ಕಾರಿನಲ್ಲಿ ಕೂರಿಸಿ ಡಯಾಲಿಸಿಸ್‌ಗೆ ಒಯ್ಯುವುದು. ಆ ರೋಗಕ್ಕೆ ಮೈಯೆಲ್ಲ ತುರಿಕೆ. ಅಜ್ಜ ರಕ್ತ ಬರುವಷ್ಟು ಕೆರೆದುಕೊಳ್ಳುತ್ತಿದ್ದ. ಅವಳು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಬೆನ್ನಿಗೆ ತಿಕ್ಕುತ್ತಿದ್ದಳು. ಎಣ್ಣೆಯ ವಾಸನೆಗೆ ಅವನು ನಗುತ್ತಿದ್ದ. "ನಿನ್ನ ಊರು ನನ್ನ ಬೆನ್ನ ಮೇಲೆ ಬಂತು," ಎನ್ನುತ್ತಿದ್ದ.

ಸಂಜೆ ಅವಳು ಪೆಂಡಲ್ ಹಿಲ್‌ನ ತನ್ನ ಯೂನಿಟ್‌ಗೆ ಮರಳುವಾಗ ಸ್ಟೇಷನ್ ಹತ್ತಿರದ ಕರುಣಾಕರನ ಅಂಗಡಿಗೆ ಹೋಗುತ್ತಿದ್ದಳು. ಕುಚ್ಚಲಕ್ಕಿ ಅಲ್ಲೇ ಸಿಗುವುದು. ಕರುಣಾಕರ ಉಡುಪಿಯವನು, ಮಾತಿನ ಮಲ್ಲ. ಒಂದು ದಿನ ಅಕ್ಕಿ ತೂಗುತ್ತ ಕೇಳಿದ.

"ನಿಮ್ದು ಬರಿ ಯಾವ್ದು ಮಾರಾಯ್ರೆ? ಇಷ್ಟು ದಿನ ಆಯ್ತು, ಕೇಳ್ಲೇ ಇಲ್ಲ."

ಬರಿ ಅಂದರೆ ಕುಲದ ಗುರುತು. ಕೇಳುವುದು ಬರಿ, ಬೇಕಾದದ್ದು ಜಾತಿ. ಸಮುದ್ರ ದಾಟಿ ಬಂದರೂ ತಕ್ಕಡಿಯ ಆಚೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಚೆನ್ನು ಫೋನ್ ಬಂದ ಹಾಗೆ ಮಾಡಿ ಹೊರಗೆ ಬಂದಳು.

ಅವಳು ಕೊರಗರವಳು. ಊರಿನ ಹೊರಗೆ, ಗುಡ್ಡದ ಬುಡದ ಸೊಪ್ಪಿನ ಗುಡಿಸಲುಗಳ ಕೊಪ್ಪದಲ್ಲಿ ಹುಟ್ಟಿದವಳು. ಕಾಡಿನ ಬಳ್ಳಿ ತಂದು ಬುಟ್ಟಿ ಹೆಣೆಯುವ ಜನ. ಆ ಬುಟ್ಟಿ ಎಲ್ಲರ ಅಟ್ಟಕ್ಕೂ ಹೋಗುತ್ತಿತ್ತು, ಹೆಣೆದವರು ಅಂಗಳಕ್ಕೂ ಹೋಗುವಂತಿರಲಿಲ್ಲ. ಅಜ್ಜಿ ಸಾಕಿ, ಹಾಸ್ಟೆಲಿಗೆ ಹಾಕಿ, ನರ್ಸಿಂಗ್ ಓದಿಸಿದಳು. ಇಲ್ಲಿ ಬಂದ ಮೇಲೆ ಚೆನ್ನು ಯಾರಿಗೂ ಏನೂ ಹೇಳಲಿಲ್ಲ. ಉಡುಪಿ ಕಡೆ, ಅಷ್ಟೇ. ಆ ಎರಡು ಶಬ್ದಗಳ ಹಿಂದೆ ಅಡಗಿ ಬದುಕುತ್ತಿದ್ದಳು.

ಮಳೆಗಾಲಕ್ಕೆ ಸ್ವಲ್ಪ ಮೊದಲು ಅಜ್ಜನ ಊರಿನಿಂದ ಯಾರೋ ಒಂದು ತೊಗಟೆ ತಂದುಕೊಟ್ಟರು. ಮರದಲ್ಲಿ ರಸ ಏರಿದಾಗ ಸುಲಿದು, ಬೆಂಕಿಗೆ ಹಿಡಿದು, ಕಲ್ಲು ಹೇರಿ ಚಪ್ಪಟೆ ಮಾಡಿದ್ದು. ಅಜ್ಜ ಅದನ್ನು ಮಡಿಲಲ್ಲಿಟ್ಟುಕೊಂಡು ಮೂಸಿದ. ಅಂದು ಅವನು ಊಟ ಕೇಳಿ ಮಾಡಿದ.

ಮಾರನೆಯ ದಿನ ಚೆನ್ನು ಅವನ ಬೆನ್ನಿಗೆ ಎಣ್ಣೆ ಹಚ್ಚುವಾಗ ಅಜ್ಜ ಕೇಳಿದ, "ಮಗಳೇ, ನಿನ್ನ ಕೂದಲು ಸ್ವಲ್ಪ ಕೊಡ್ತೀಯಾ?"

ಅವಳ ಕೈ ನಿಂತಿತು.

"ಕುಂಚಕ್ಕೆ," ಎಂದ. "ಸಣ್ಣ ಗೆರೆ ಎಳೆಯೋಕೆ ಮನುಷ್ಯರ ಕೂದಲೇ ಬೇಕು. ನನ್ನದು ಉದುರಿಹೋಯ್ತು. ಮಾರ್ಲೀನ್‌ದು ಗುಂಗುರು. ನಿನ್ನದು ಉದ್ದ ಇದೆ, ನೆಟ್ಟಗಿದೆ."

ಚೆನ್ನು ಎಣ್ಣೆಯ ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು. ಅವಳ ಅಜ್ಜಿ ಕೂದಲು ತಿಂದವಳು. ಸುಮ್ಮನೆ ಹೇಳುವ ಮಾತಲ್ಲ. ದೊಡ್ಡ ಮನೆಯ ಬಸುರಿಗೆ, ರೋಗಿಗೆ ದೋಷ ತಾಗಬಾರದೆಂದು ಅವರ ಕೂದಲು, ಉಗುರು ಕತ್ತರಿಸಿ ಅನ್ನಕ್ಕೆ ಕಲಸಿ ಕೊರಗರನ್ನು ಕರೆದು ತಿನ್ನಿಸುತ್ತಿದ್ದರು. ಅದಕ್ಕೆ ಅಜಲು ಎಂದು ಹೆಸರು. ಪಾಪ ನಮ್ಮ ಬಾಯಿಗೆ, ಪುಣ್ಯ ಅವರ ಹೊಟ್ಟೆಗೆ, ಎನ್ನುತ್ತಿದ್ದಳು ಅಜ್ಜಿ. ಸರಕಾರ ಕಾನೂನು ಮಾಡಿ ಅದನ್ನು ನಿಲ್ಲಿಸಬೇಕಾಯಿತು. ತಾವಾಗಿ ನಾಚಿಕೆಯಾಗಿ ಬಿಟ್ಟವರು ಎಷ್ಟು ಮಂದಿಯೋ. ಅಜ್ಜಿ ಮುದುಕಿಯಾದ ಮೇಲೂ ಅನ್ನವನ್ನು ಬೆರಳಲ್ಲಿ ಕೆದಕಿ ಕೆದಕಿ ನೋಡಿ ತಿನ್ನುತ್ತಿದ್ದಳು. ತನ್ನ ಮನೆಯ, ತಾನೇ ಬೇಯಿಸಿದ ಅನ್ನವನ್ನೂ.

ಚೆನ್ನು ಒಳಗೆ ಬಂದು ಇದನ್ನೆಲ್ಲ ಅಜ್ಜನಿಗೆ ಹೇಳಿದಳು. ಈ ದೇಶದಲ್ಲಿ ಮೊದಲ ಬಾರಿ, ಒಬ್ಬ ಮನುಷ್ಯನಿಗೆ, ತಾನು ಯಾರೆಂದು ಹೇಳಿದಳು.

"ಬಿಳಿಯರು ನಮ್ಮನ್ನ ಕುತ್ತಿಗೆಗೆ ಸರಪಳಿ ಹಾಕಿ ನಡೆಸಿದ್ರು," ಎಂದ ಅಜ್ಜ. "ನನ್ನ ಅಪ್ಪ ಆ ಗುರುತು ತೋರಿಸ್ತಿದ್ದ." ಆಮೇಲೆ ಎಂದ, "ನಿನ್ನ ಅಜ್ಜಿಗೆ ಅವರು ಕೇಳದೆ ತಿನ್ನಿಸಿದ್ರು. ನಾನು ಕೇಳ್ತಿದ್ದೀನಿ. ನೀನು ಬೇಡ ಅಂದ್ರೆ ಬೇಡ."

ಕೇಳಿದ್ದ. ಅದೇ ಅವಳ ಎದೆಗೆ ನಾಟಿದ್ದು. ಅವಳ ಮನೆತನದಲ್ಲಿ ಯಾರ ಮೈಯನ್ನೂ, ಯಾರ ಬಾಯನ್ನೂ, ಯಾರೂ ಒಂದು ಮಾತು ಕೇಳಿ ಮುಟ್ಟಿರಲಿಲ್ಲ. ಅವಳು ಜಡೆ ಬಿಚ್ಚಿ, ಕತ್ತರಿ ತಂದು ಅವನ ಕೈಗೆ ಕೊಟ್ಟಳು. ಅಜ್ಜ ಕಿವಿಯ ಹಿಂದಿನಿಂದ ಸಣ್ಣದೊಂದು ಎಳೆ ಕತ್ತರಿಸಿದ. ಕಡ್ಡಿಯ ತುದಿಗೆ ದಾರ ಸುತ್ತಿ ಕಟ್ಟಿದ.

ಮಷಿನ್ ಇಲ್ಲದ ದಿನಗಳಲ್ಲಿ ಅವನು ಬರೆದ. ಕೆಂಪು ಕಲ್ಲು ತೇಯ್ದ, ಬಿಳಿ ಜೇಡಿ ಕಲಸಿದ. ಕೂದಲನ್ನು ಬಣ್ಣದಲ್ಲಿ ಅದ್ದಿ ತೊಗಟೆಯ ಮೇಲೆ ಉದ್ದಕ್ಕೆ ಮಲಗಿಸಿ ಉಸಿರು ಹಿಡಿದು ಎಳೆಯುತ್ತಿದ್ದ. ಗೆರೆಯ ಪಕ್ಕ ಗೆರೆ. ಕೈ ನಡುಗುತ್ತಿತ್ತು, ಗೆರೆ ನಡುಗುತ್ತಿರಲಿಲ್ಲ. "ಇದು ನನ್ನ ಅಮ್ಮನ ಕಡೆಯವರ ನೀರು, ನಮ್ಮೂರ ಜವುಗಿನದು," ಎಂದ. "ಬರೆಯೋಕೆ ನನಗೆ ಅವರ ಅಪ್ಪಣೆ ಇದೆ. ಮಾರೋಕಲ್ಲ ಇದು. ನನ್ನ ಜೊತೆ ಮಣ್ಣಿಗೆ ಹೋಗೋದು." ಚೆನ್ನು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ತನ್ನ ಕೂದಲು ಯಾರದೋ ತಾಯಿಯ ನೀರಿನ ಮೇಲೆ ಓಡಾಡುವುದನ್ನು ನೋಡಿ ಅಳು ಬರುತ್ತಿತ್ತು, ಅಳುತ್ತಿದ್ದಳು.

ಒಮ್ಮೆ ನಗರದ ದೊಡ್ಡ ಗ್ಯಾಲರಿಯಲ್ಲಿ ತನ್ನ ಹಳೆಯ ಚಿತ್ರ ಇದೆ, ನೋಡಬೇಕು ಎಂದ. ಚೆನ್ನು ವೀಲ್‌ಚೇರಿನಲ್ಲಿ ಕೂರಿಸಿ ಕರೆದೊಯ್ದಳು. ಬಿಳಿ ಗೋಡೆ, ತಣ್ಣನೆ ಗಾಳಿ, ಪಿಸುಮಾತು. ಅಜ್ಜ ಚಿತ್ರದ ಹತ್ತಿರ ಹೋಗಿ ಬೆರಳು ಚಾಚಿದ. ಗೆರೆಯೊಂದನ್ನು ಗಾಳಿಯಲ್ಲೇ ಸವರುತ್ತಿದ್ದ.

"ಸರ್, ಮುಟ್ಟಬೇಡಿ. ಹಿಂದೆ ಸರೀರಿ."

ಸೆಕ್ಯುರಿಟಿಯವನು. ನಮ್ಮ ಕಡೆಯ ಮುಖ. ಕುತ್ತಿಗೆಯ ದಾರದಲ್ಲಿ ಹನುಮಂತನ ಪದಕ.

"ಇದನ್ನ ಬರೆದದ್ದು ಇವರೇ," ಎಂದಳು ಚೆನ್ನು.

ಅವನು ಅಜ್ಜನ ಹಳೆಯ ಅಂಗಿಯನ್ನು ನೋಡಿದ, ಊದಿದ ಕಾಲು ನೋಡಿದ. "ಮ್ಯಾಡಮ್, ನೆಲದ ಗೆರೆಯ ಹಿಂದೆ ನಿಲ್ಲಿಸಿ," ಎಂದ.

ಮುಟ್ಟಬೇಡ. ಹಿಂದೆ ಸರಿ. ಚೆನ್ನುವಿನ ಜನಕ್ಕೆ ಹುಟ್ಟಿದಾಗಿನಿಂದ ಬಾಯಿಪಾಠವಾದ ಮಾತು. ಅವಳ ಮೈ ಉರಿಯಿತು. ಅಜ್ಜ ಮಾತ್ರ ಅವಳ ಕೈ ತಟ್ಟಿ, ಕುರ್ಚಿಯನ್ನು ತಾನೇ ಹಿಂದೆ ತಳ್ಳಿಕೊಂಡ. ಚಿತ್ರದ ಪಕ್ಕದಲ್ಲಿ ಅವನ ಹೆಸರು ದಪ್ಪ ಅಕ್ಷರದಲ್ಲಿತ್ತು. ಅದನ್ನೇ ನೋಡುತ್ತ ಹೇಳಿದ.

"ನಾನು ಸತ್ತ ಮೇಲೆ ಇದನ್ನ ಮುಚ್ಚಬೇಕು. ನಮ್ಮವರು ಸಾವಿನ ಕಾರ್ಯ ಎಲ್ಲ ಮುಗಿಸೋವರೆಗೆ ನನ್ನ ಹೆಸರು ಯಾರೂ ಕರೀಬಾರದು, ಮುಖ ಯಾರೂ ನೋಡಬಾರದು. ಕರೆದ್ರೆ ನಾನು ಇಲ್ಲೇ ಸಿಕ್ಕಿಬೀಳ್ತೀನಿ. ಈ ಊರಲ್ಲಿ. ಮಾರ್ಲೀನ್ ಒಬ್ಬಳೇ ಎಷ್ಟು ಕಡೆ ಓಡ್ತಾಳೆ? ನೀನೂ ನೋಡ್ಕೋ."

"ನೋಡ್ಕೊಳ್ತೇನೆ ಅಜ್ಜ," ಎಂದಳು ಚೆನ್ನು. ಕೊಟ್ಟ ಮಾತು ಅಷ್ಟೇ.

ಅಜ್ಜ ಡಯಾಲಿಸಿಸ್ ಕುರ್ಚಿಯಲ್ಲೇ ಹೋದ. ಮಷಿನ್ ತಿರುಗುತ್ತಿತ್ತು, ಮೈಯೊಳಗೆ ಮನುಷ್ಯ ಇರಲಿಲ್ಲ. ಚೆನ್ನು ಅವನ ಮೈ ಒರೆಸಿ, ಕೊನೆಯ ಸಲ ಬೆನ್ನಿಗೆ ಎಣ್ಣೆ ಹಚ್ಚಿದಳು. ಯಾರೂ ನಗಲಿಲ್ಲ. ಮಾರ್ಲೀನ್ ಮನೆಯಲ್ಲಿ ಎಲೆ ಸುಟ್ಟು ಹೊಗೆ ಹಾಕಿದಳು, ಫೋಟೋಗಳನ್ನೆಲ್ಲ ಮುಚ್ಚಿಟ್ಟಳು. ಚೆನ್ನು ತನ್ನ ಫೋನಿನಲ್ಲಿದ್ದ ಅವನ ಮುಖವನ್ನು ಅಳಿಸಿದಳು. ಅಳಿಸುವಾಗ ಬೆರಳು ಬರಲಿಲ್ಲ. ಆದರೂ ಅಳಿಸಿದಳು. ಅಜ್ಜನ ಊರಿನಲ್ಲಿ ಮಳೆ ಹಿಡಿದು ವಿಮಾನ ಇಳಿಯುವ ಜಾಗ ಮುಳುಗಿತ್ತು. ಬರೆದು ಮುಗಿಯದ ತೊಗಟೆಯನ್ನು ಪಕ್ಕದಲ್ಲಿಟ್ಟುಕೊಂಡು ಅವನು ಸಿಡ್ನಿಯ ಶವಾಗಾರದಲ್ಲಿ ಕಾಯುತ್ತಿದ್ದ. ಮಾರ್ಲೀನ್ ಗ್ಯಾಲರಿಗಳಿಗೆಲ್ಲ ಫೋನ್ ಮಾಡಿದಳು. ಅವರಿಗೆ ಈ ಪದ್ಧತಿ ಗೊತ್ತಿತ್ತು, ಹೆಸರಿನ ಮೇಲೆ ಕಾಗದ ಅಂಟಿಸಿದರು.

ಗೊತ್ತಿಲ್ಲದವರು ನಮ್ಮವರು.

ತಾನು ನೋಡಿಕೊಳ್ಳುತ್ತಿದ್ದ ಚಿತ್ರಕಾರ ಹೋದ ಎಂದು ಚೆನ್ನು ಅಕ್ಕಿ ಕೊಳ್ಳುವಾಗ ಹೇಳಿದ್ದಳು. ಕರುಣಾಕರನ ಅಂಗಡಿಯಿಂದ ಸುದ್ದಿ ಮೆಲ್ಬರ್ನ್ ತಲುಪಿತು. ಅಲ್ಲಿನ ಕನ್ನಡ ಸಂಘವೊಂದರ ಅಧ್ಯಕ್ಷರು ಡಾಕ್ಟರ್ ನಾಗರಾಜ. ಮೈಸೂರಿನವರು, ರಿಟೈರ್ ಆಗಿ ಪಾಯಿಂಟ್ ಕುಕ್‌ನಲ್ಲಿದ್ದರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಕಥೆ ಸುಲಭವಿತ್ತು.

"ನೋಡಮ್ಮ ಚೆನ್ನು," ಎಂದರು ಫೋನಿನಲ್ಲಿ, "ಅವರ ಒಂದು ಪೇಂಟಿಂಗ್ ನಮ್ಮನೇಲಿದೆ. ದಿನಾ ಕಾಫಿ ಕುಡೀತಾ ನೋಡ್ತೀನಿ. ಸುದ್ದಿ ಕೇಳಿ ನಾನೂ ನನ್ನ ಹೆಂಡ್ತಿ ಜಾನಕೀನೂ ಅತ್ತುಬಿಟ್ವಿ. ನಮ್ಮ ಸಂಘದ ಆನಿವರ್ಸರಿ ಫಂಕ್ಷನ್‌ನಲ್ಲಿ ಅವರಿಗೆ ಶ್ರದ್ಧಾಂಜಲಿ ಇಟ್ಕೊಂಡಿದೀವಿ. ನೀನು ಬಂದು ದೀಪ ಹಚ್ಚಬೇಕು."

"ಡಾಕ್ಟ್ರೆ, ಅವರ ಫೋಟೋ ಇಡ್ಬಾರ್ದು. ಹೆಸರೂ ಹೇಳ್ಬಾರ್ದು. ಅವರ ಮನೆಯವರು ಬೇಡ ಅಂದಿದ್ದಾರೆ."

"ಹೆಸರು ಹೇಳ್ದೆ ಶ್ರದ್ಧಾಂಜಲಿ ಹೇಗಮ್ಮ? ನಮ್ಮ ತಂದೆ ಫೋಟೋಗೆ ಇವತ್ತಿಗೂ ಹಾರ ಹಾಕ್ತೀನಿ, ಹೆಸರು ಹೇಳಿ ನಮಸ್ಕಾರ ಮಾಡ್ತೀನಿ. ಹೇಳ್ದೇ ಇದ್ರೆ ಮರೆತ ಹಾಗಲ್ವಾ?"

"ಅವರಲ್ಲಿ ಹಾಗಲ್ಲ. ಹೆಸರು ಕರೆದ್ರೆ ಅವ್ರಿಗೆ ಊರಿಗೆ ಹೋಗ್ಲಿಕ್ಕೆ ಆಗುದಿಲ್ಲ."

ಡಾಕ್ಟರು ಮೆಲ್ಲಗೆ ನಕ್ಕರು. ಮಕ್ಕಳ ಮಾತಿಗೆ ನಗುವ ನಗು. "ಫೋಟೋ ದೊಡ್ಡದು ಮಾಡ್ಸಾಗಿದೆ. ಕೌನ್ಸಿಲರ್ ಬರ್ತಿದಾರೆ. ಒಂದು ಕೆಲಸ ಮಾಡೋಣ, ನಾವ್ಯಾರೂ ಮೊದಲು ಹೆಸರು ಹೇಳಲ್ಲ. ಅವರ ಸೇವೆ ಮಾಡಿದೋಳು ನೀನು, ನಿನ್ನ ಬಾಯಲ್ಲೇ ಬರ್ಲಿ. ಆಮೇಲೆ ಹಾಲ್‌ನಲ್ಲಿರೋ ಎಲ್ಲರೂ ಆ ಹೆಸರು ಹಿಡಿದು ಅಮರ್ ರಹೇ ಅಂತ ಕೂಗ್ತೀವಿ. ಟಿಕೆಟ್ ಬುಕ್ ಮಾಡ್ಸಿದೀನಿ ಕಣಮ್ಮ."

ಚೆನ್ನು ಮಾರ್ಲೀನ್‌ಗೆ ಹೇಳಿದಳು. ಮಾರ್ಲೀನ್ ಶವಾಗಾರದ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಊರಿಗೆ ಕಳಿಸುವವರೆಗೆ ಹತ್ತಿರದವರು ಯಾರಾದರೂ ಜೊತೆಗಿರಬೇಕು.

"ನಾನು ಇಲ್ಲಿಂದ ಏಳೋ ಹಾಗಿಲ್ಲ. ನೀನು ಹೋಗಿ ನಿಲ್ಲಿಸು," ಎಂದಳು. "ಅವರು ನಿನ್ನ ಜನ ಅಲ್ವಾ."

ಮಾರ್ಲೀನ್‌ಗೆ ಹೇಗೆ ಹೇಳುವುದು, ಅವರು ನನ್ನ ಜನ ಅಲ್ಲ, ನನ್ನ ಭಾಷೆ ಮಾತ್ರ ಎಂದು.

ಮೆಲ್ಬರ್ನಿನ ಏರ್‌ಪೋರ್ಟಿನಿಂದ ಫ್ರೀವೇ ಹಿಡಿದು ಯಾರದೋ ಕಾರು ಅವಳನ್ನು ಹಾಲ್‌ಗೆ ತಂದಿಳಿಸಿತು. ರೇಷ್ಮೆ ಸೀರೆ, ಮಲ್ಲಿಗೆ, ಬಿಸಿಬೇಳೆಬಾತಿನ ಘಮ. ವೇದಿಕೆಯ ಮೇಲೆ ಅಜ್ಜ. ಆಳೆತ್ತರದ ಫೋಟೋ, ಗಂಧದ ಹಾರ, ಹಣೆಗೆ ಕುಂಕುಮ ಕೂಡ ಇಟ್ಟಿದ್ದರು. ಅಳಿಸಿ ಬಂದ ಮುಖ ಅವಳನ್ನೇ ನೋಡಿತು.

ಅವಳನ್ನು ವೇದಿಕೆಯ ಹಿಂದೆ ಕೂರಿಸಿದರು. ಅಲ್ಲಿ ಮಕ್ಕಳು ಡಾನ್ಸಿಗೆ ಸಿದ್ಧವಾಗುತ್ತಿದ್ದರು. ತಾಯಂದಿರು ಅವರ ಮುಖಕ್ಕೆ, ಕೈಗೆ, ಹೊಟ್ಟೆಗೆ ಕಪ್ಪು ಬಣ್ಣ ಬಳಿಯುತ್ತಿದ್ದರು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಸೊಂಟಕ್ಕೆ ಪ್ಲಾಸ್ಟಿಕ್ ಸೊಪ್ಪು, ಕೊರಳಿಗೊಂದು ಡೋಲು.

"ಇದು ಯಾವ ಡಾನ್ಸ್?" ಎಂದು ಕೇಳಿದಳು. ಗೊತ್ತಿದ್ದೇ ಕೇಳಿದಳು.

"ಕೊರಗ ವೇಷ ಕಣ್ರೀ," ಎಂದಳು ಬಣ್ಣ ಬಳಿಯುತ್ತಿದ್ದ ಹೆಂಗಸು. "ಆರ್ಟಿಸ್ಟ್ ಅಬೊರಿಜಿನಲ್ ಅಲ್ವಾ, ಅದಕ್ಕೆ ನಮ್ದೂ ಒಂದು ಟ್ರೈಬಲ್ ಇರ್ಲಿ ಅಂತ. ಕ್ಯೂಟ್ ಆಗಿ ಕಾಣ್ತಾರೆ, ನೋಡಿ."

ಊರಿನಲ್ಲಿ ಹಬ್ಬಕ್ಕೆ ಕೊರಗರನ್ನು ಅಣಕಿಸುವ ಆ ವೇಷ ಹಾಕಬಾರದೆಂದು ಹೋರಾಡಿ ಜೈಲಿಗೆ ಹೋದವರಿದ್ದಾರೆ. ಇಲ್ಲಿ ಅದಕ್ಕೆ ಬಣ್ಣ ಹಚ್ಚಿ ಕಣ್ಣು ತೀಡುತ್ತಿದ್ದರು. ಚೆನ್ನುವಿನ ಅಜ್ಜಿಯ ತಾಯಿ ಸೊಂಟಕ್ಕೆ ಸೊಪ್ಪು ಕಟ್ಟಿದ್ದು ಕುಣಿಯುವುದಕ್ಕಲ್ಲ. ಬಟ್ಟೆ ಉಡಲು ಬಿಟ್ಟಿರಲಿಲ್ಲ.

ಅಷ್ಟರಲ್ಲಿ ಅವಳನ್ನು ವೇದಿಕೆಗೆ ಕರೆದರು. ನಾಗರಾಜರು ಮೈಕ್ ಹಿಡಿದು ಗದ್ಗದವಾಗಿ ಮಾತಾಡುತ್ತಿದ್ದರು. ಕೊಟ್ಟ ಮಾತಿನಂತೆ ಹೆಸರು ಹೇಳಿರಲಿಲ್ಲ. "ಆ ಮಹಾನ್ ಕಲಾವಿದರ ಹೆಸರನ್ನ ಈಗ ನಮ್ಮ ನಾಡಿನ ಹೆಣ್ಣುಮಗಳು ಹೇಳ್ತಾಳೆ. ಎಲ್ಲರೂ ಎದ್ದು ನಿಲ್ಲಿ." ಕುರ್ಚಿಗಳು ಸರಿದವು. ಹಾಲ್ ಪೂರ್ತಿ ಎದ್ದು ನಿಂತು ಬಾಯಿ ತೆರೆಯಲು ಕಾಯಿತು. ಮೈಕ್ ಅವಳ ಕೈಗೆ ಬಂತು.

ಚೆನ್ನು ಮೊದಲು ಫೋಟೋದ ಹತ್ತಿರ ಹೋದಳು. ಹಾರ ತೆಗೆದಳು. ಹೊದ್ದಿದ್ದ ಶಾಲನ್ನು ಬಿಚ್ಚಿ ಅಜ್ಜನ ಮುಖ ಮುಚ್ಚಿದಳು.

"ಏನಮ್ಮ ಇದು," ಎಂದರು ನಾಗರಾಜರು.

"ಹೆಸರು ನಾನು ಹೇಳುದಿಲ್ಲ," ಎಂದಳು ಮೈಕಿನಲ್ಲಿ. "ನೀವೂ ಹೇಳ್ಬೇಡಿ. ಬೇಡ ಅಂತ ಅವರ ಮನೆಯವರು ಹೇಳಿದ್ರು. ನಾನೂ ಹೇಳಿದೆ. ನೀವು ಕೇಳ್ಲಿಲ್ಲ. ಅವರಿಗೆ ಹೇಗೆ ಸಾಯ್ಬೇಕು ಅಂತಲೂ ನೀವೇ ಕಲಿಸ್ತೀರಾ?"

ಹಾಲ್‌ನಲ್ಲಿ ಗುಸುಗುಸು ಎದ್ದಿತು. ಕರುಣಾಕರನ ಅಂಗಡಿ ಅವಳ ಕಣ್ಣ ಮುಂದೆ ಬಂತು. ಇದಾದ ಮೇಲೆ ಅಲ್ಲಿ ಅಕ್ಕಿ ತರಲು ಹೋಗುವಂತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಹೇಳಿದಳು.

"ನಾನು ಕೊರಗರವಳು."

ಗುಸುಗುಸು ನಿಂತಿತು.

"ಒಳಗೆ ಮಕ್ಕಳಿಗೆ ಹಾಕಿದ್ದೀರಲ್ಲ, ಅದು ನಮ್ಮ ವೇಷ ಅಲ್ಲ. ನಿಮ್ಮ ಅಜ್ಜಂದಿರು ನಮಗೆ ಹಾಕಿಸಿದ ವೇಷ. ಆ ಮಕ್ಕಳ ಮುಖ ತೊಳೆಸಿ." ಅವಳು ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು. "ಸತ್ತವರ ಹೆಸರು ಹೇಳ್ಲೇಬೇಕು ಅಂತ ನಿಮಗೆ ಅಷ್ಟು ಆಸೆ ಇದ್ರೆ ನಾನೊಂದು ಹೆಸರು ಕೊಡ್ತೇನೆ. ನನ್ನ ಅಜ್ಜಿ, ಅಂಗಾರು. ನಿಮ್ಮ ಮನೆಗಳ ಬುಟ್ಟಿ ಹೆಣೆದವಳು. ನಿಮ್ಮ ಬಸುರಿಯರ ಕೂದಲು ತಿಂದವಳು. ಬದುಕಿದ್ದಾಗ ಅವಳನ್ನು ಯಾರೂ ಹೆಸರು ಹಿಡಿದು ಕರೀಲಿಲ್ಲ. ಏ ಕೊರಪೊಳು ಅಂತ ಜಾತಿ ಹಿಡಿದೇ ಕರೆದದ್ದು, ಅಷ್ಟೇ. ನಮ್ಮಲ್ಲಿ ಹೆಸರು ಕರೆದ್ರೆ ದೋಷ ಇಲ್ಲ. ಕರೀರಿ. ಒಂದು ಸಲ ಕರೀರಿ. ಅಂಗಾರು."

ಹಾಲ್ ಪೂರ್ತಿ ಎದ್ದು ನಿಂತೇ ಇತ್ತು. ಊರು ಕೇರಿ ಗೊತ್ತಿಲ್ಲದ ಒಬ್ಬನ ಹೆಸರನ್ನು ಕೂಗಲು ತೆರೆದಿದ್ದ ಬಾಯಿಗಳು ಒಂದೊಂದಾಗಿ ಮುಚ್ಚಿಕೊಂಡವು. ಜಾನಕಿಯಮ್ಮ ಸೆರಗಿನ ಅಂಚು ನೋಡುತ್ತಿದ್ದರು. ನಾಗರಾಜರ ತುಟಿ ಒಮ್ಮೆ ಅಲುಗಿದ ಹಾಗಾಯಿತು, ಮತ್ತೆ ನಿಂತಿತು. ಚೆನ್ನು ಕಾದಳು. ಯಾರೋ ಮೈಕಿನ ಸ್ವಿಚ್ ಆರಿಸಿದರು. ನಿರೂಪಕಿ ಬೇರೆ ಮೈಕ್ ಹಿಡಿದು, ಮುಂದಿನ ಕಾರ್ಯಕ್ರಮ ಭಾವಗೀತೆ ಎಂದಳು. ಕುರ್ಚಿಗಳು ಮತ್ತೆ ಸರಿದವು.

ಚೆನ್ನು ಶಾಲು ಹೊದಿಸಿದ ಹಾಗೇ ಫೋಟೋವನ್ನು ಎತ್ತಿಕೊಂಡು ಹೊರಗೆ ಬಂದಳು. ಯಾರೂ ತಡೆಯಲಿಲ್ಲ, ದಾರಿ ಬಿಟ್ಟರು. ಮೈ ತಾಗದ ಹಾಗೆ ದಾರಿ ಬಿಡುವುದು ಹೇಗೆಂದು ಅವರಿಗೆ ಗೊತ್ತಿತ್ತು.

ಕಾರುಗಳ ನಡುವೆ ನಿಂತು ಮಾರ್ಲೀನ್‌ಗೆ ಫೋನ್ ಮಾಡಿದಳು.

"ಹೆಸರು ಹೇಳಿದ್ರಾ?" ಎಂದಳು ಮಾರ್ಲೀನ್.

"ಇಲ್ಲ. ಯಾರೂ ಹೇಳಲಿಲ್ಲ."

"ಒಬ್ಬರೂ?"

"ಒಬ್ಬರೂ ಹೇಳಲಿಲ್ಲ."

ಆ ಕಡೆ ಮಾರ್ಲೀನ್ ಉಸಿರು ಬಿಟ್ಟಳು. "ಸಾಕು. ಇನ್ನು ಅವನು ಊರಿಗೆ ಹೋಗ್ತಾನೆ," ಎಂದಳು. ಆಮೇಲೆ, "ನೀನ್ಯಾಕೆ ಅಳ್ತಿದ್ದೀಯ?" ಎಂದು ಕೇಳಿದಳು.

ಚೆನ್ನು ಫೋನ್ ಕಿವಿಗೊತ್ತಿಕೊಂಡು ನಿಂತೇ ಇದ್ದಳು. ಅಜ್ಜ ಊರಿಗೆ ಹೋಗುತ್ತಾನೆ. ಅಂಗಾರು ಎಲ್ಲಿಗೆ ಹೋಗಬೇಕು?